ಇನ್ನೊಂದೇ ಸಲದ ಅಕ್ಕ

ಹೆರಿಗೆ ವಾರ್ಡಿನಲ್ಲಿ ಅವರ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಅವರು ಇನ್ನೊಂದೇ ಸಲದ ಅಕ್ಕ. ಮೂವತ್ತೊಂದು ವರ್ಷದಿಂದ ಅಲ್ಲೇ ಹೆರಿಗೆ ಮಾಡಿಸಿಕೊಂಡು ಬಂದು ಈಗ ಹಿರಿಯ ದಾದಿ ಆಗಿದ್ದರು. ಮಗುವನ್ನು ಹೊರದೂಡಲು ಮುಕ್ಕುತ್ತಿರುವ ಹೆಂಗಸಿನ ಕಿವಿಯ ಹತ್ತಿರ ಬಗ್ಗಿ, "ಇನ್ನೊಂದೇ ಸಲ ಕಣಮ್ಮಾ, ಇನ್ನೊಂದೇ ಸಲ" ಎಂದರೆ, ಆ ಒಂದು ಸಲ ಹದಿನೈದೂ ಆಗಬಹುದಿತ್ತು, ಮೂವತ್ತೂ ಆಗಬಹುದಿತ್ತು. ಈ ಸುಳ್ಳಿಗಾಗಿ ಅವರ ಮೇಲೆ ಯಾರೂ ಮುನಿಸಿಕೊಂಡಿರಲಿಲ್ಲ. ಒಬ್ಬಳು ಮಾತ್ರ, "ಇನ್ನೊಂದ್ಸಲ ಅಂತ ಇನ್ನೊಂದ್ಸಲ ಅಂದ್ರೆ ಕಚ್ಚಿಬಿಡ್ತೀನಿ" ಎಂದು ಹೇಳಿ, ಹೇಳಿದಂತೆಯೇ ಮಾಡಿದ್ದಳು. ಮೊಣಕೈ ಹತ್ತಿರದ ಆ ಹಲ್ಲಿನ ಗುರುತನ್ನು ಅಕ್ಕ ಹೊಸ ದಾದಿಯರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದರು.

ಆ ವಾರ್ಡಿನಲ್ಲಿ ಎರಡು ಭಾಷೆ ನಡೆಯುತ್ತಿತ್ತು. ಒಂದು ಡಾಕ್ಟರಮ್ಮನದು. ಅವರು ಒಳ್ಳೆಯವರೇ, ಕೈಗುಣವೂ ಚೆನ್ನಾಗಿತ್ತು. ಆದರೆ ಅವರ ಬಾಯಲ್ಲಿ ಹೆಂಗಸು ಎಂದರೆ ಒಂದು ಮಂಚದ ನಂಬರು ಮತ್ತು ಗರ್ಭದ ಬಾಯಿ ಎಷ್ಟು ತೆರೆದಿದೆ ಎಂಬ ಒಂದು ಅಳತೆ. "ಮೂರನೇ ಬೆಡ್ಡು, ಆರು ಸೆಂಟಿಮೀಟರು" ಎಂದು ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಹಿಂದೆಯೇ ಅಕ್ಕ ಬಂದು, "ಅರ್ಧ ದಾರಿ ದಾಟಿಬಿಟ್ಟೆ ತಾಯೀ, ಬಾಗಿಲು ತೆರೀತಾ ಇದೆ" ಎನ್ನುತ್ತಿದ್ದರು. ಒಮ್ಮೆ ಪಡಸಾಲೆಯಲ್ಲಿ ಕಾಯುತ್ತಿದ್ದ ಗಂಡನೊಬ್ಬ ಡಾಕ್ಟರಮ್ಮನ ಮಾತು ಕೇಳಿಸಿಕೊಂಡು, ಮಗು ಆರೇ ಸೆಂಟಿಮೀಟರ್ ಇದೆ ಎಂದುಕೊಂಡು ಗೋಡೆಗೆ ಒರಗಿ ಕುಸಿದುಬಿಟ್ಟ. ಅವನಿಗೆ ನೀರು ಕುಡಿಸಿ ಎಬ್ಬಿಸುವಷ್ಟರಲ್ಲಿ ಒಳಗೆ ಮೂರೂವರೆ ಕಿಲೋ ಗಂಡುಮಗು ವಾರ್ಡು ಹಾರಿಹೋಗುವಂತೆ ಕಿರುಚುತ್ತಿತ್ತು.

ಇನ್ನೊಂದು ದಿನ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, "ನೋವು ಸಾಲದು" ಎಂದರು. ಅದು ದಾದಿಯರಿಗೆ ಹೇಳಿದ ಮಾತು. ಮಂಚದ ಮೇಲಿದ್ದವಳು ಎದ್ದು ಕೂತು, "ಇದು ಸಾಲದಾ? ಬನ್ನಿ, ಅರ್ಧ ನಿಮಗೆ ಕೊಡ್ತೀನಿ, ತಗೊಂಡ್ಹೋಗಿ!" ಎಂದು ಕೂಗಿದಳು. ಅಕ್ಕ ನಗು ತಡೆಯಲಾರದೆ ಬಟ್ಟೆ ಬೀರುವಿನ ಹಿಂದೆ ಹೋಗಿ ನಿಂತರು.

ಹೀಗೆ ಅಕ್ಕನ ಬಾಯಿ ಬೆಣ್ಣೆ. ಆದರೆ ಕೈ ಆಸ್ಪತ್ರೆಯದು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅಂದಿನ ಹಿರಿಯ ದಾದಿ ಹೆರಿಗೆಯ ಕಾರ್ಡು ಬರೆಯುವುದನ್ನು ಹೇಳಿಕೊಟ್ಟಿದ್ದರು. ಹೆರಿಗೆ ತಾನಾಗಿ ಆಗದೆ ಆಪರೇಷನ್ನಿಗೆ ಹೋದರೆ ಬರೆಯುವುದು ಇಷ್ಟೇ: 'ಹೆರಿಗೆಯ ಪ್ರಗತಿ ವಿಫಲ. ತಾಯಿಯ ಪ್ರಯತ್ನ ಸಾಲದು.' ಒಂದು ಅಕ್ಷರ ಹೆಚ್ಚು ಬೇಡ, ಒಂದು ಕಡಿಮೆ ಬೇಡ. ಅಕ್ಕ ಈ ಸಾಲನ್ನು ಸಾವಿರಾರು ಸಲ ಬರೆದಿದ್ದರು. ಬರೆಯುವಾಗ ಪಕ್ಕದವರ ಜೊತೆ ಮಾತಾಡಿಕೊಂಡೇ ಬರೆಯುತ್ತಿದ್ದರು. ಕಾರ್ಡಿನ ಒಂದು ಪ್ರತಿ ಆಸ್ಪತ್ರೆಯಲ್ಲಿ ಉಳಿಯುತ್ತಿತ್ತು, ಇನ್ನೊಂದು ಬಾಣಂತಿಯ ಜೊತೆ ಮನೆಗೆ ಹೋಗುತ್ತಿತ್ತು.

ಅಕ್ಕನಿಗೆ ಒಬ್ಬಳೇ ಮಗಳು. ಅಚ್ಚಿನಮನೆಯಲ್ಲಿ ಕರಡು ತಿದ್ದುವ ಕೆಲಸ ಅವಳದು. ಅಕ್ಷರ ಕಣ್ಣಿಗೆ ಬಿದ್ದರೆ ಓದದೆ ಬಿಡುವ ಜಾತಿಯಲ್ಲ. ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆ ಮಡಚಿಟ್ಟ ಕಾಗದವನ್ನೂ ಬಿಡಿಸಿ ಕೊನೆಯವರೆಗೆ ಓದುತ್ತಿದ್ದಳು. ಗಂಡನೊಂದಿಗೆ ಅಮ್ಮನ ಮನೆಯ ಮೇಲಿನ ಮಹಡಿಯಲ್ಲೇ ಇದ್ದಳು. ಏನು ಬೇಕಾದರೂ ಮೆಟ್ಟಿಲ ತುದಿಯಲ್ಲಿ ನಿಂತು "ಅಮ್ಮಾ" ಎಂದು ಕೂಗುವುದು, ಅಕ್ಕ ಕೆಳಗಿನಿಂದಲೇ "ಏನೇ" ಎನ್ನುವುದು, ಇದು ದಿನಕ್ಕೆ ಇಪ್ಪತ್ತು ಸಲ ನಡೆಯುತ್ತಿತ್ತು.

ಆ ಮಗಳ ಹೆರಿಗೆಯೂ ಅದೇ ವಾರ್ಡಿನಲ್ಲೇ ಆಯಿತು. ಸ್ವಂತದವರ ಹೆರಿಗೆ ಮಾಡಿಸಬಾರದು ಎನ್ನುವುದು ಆಸ್ಪತ್ರೆಯ ಕಟ್ಟಳೆ. ಹಾಗಾಗಿ ಬೇರೆ ದಾದಿ ನೋಡಿಕೊಂಡಳು. ಅಕ್ಕ ಬೆಳಗ್ಗೆ ಐದರಿಂದ ಪಡಸಾಲೆಯಲ್ಲಿ ಆ ಕುಸಿದು ಬಿದ್ದ ಗಂಡನಿಗಿಂತ ಕಡೆಯಾಗಿ ಒದ್ದಾಡಿದರು. ಮುಕ್ಕುವ ಹೊತ್ತಿಗೆ ತಡೆಯಲಾಗದೆ ಒಳಗೆ ನುಗ್ಗಿ ಮಗಳ ಕೈ ಹಿಡಿದರು. "ಭೇಷ್ ಕಣೇ! ನಿನ್ನಂಥೋಳು ಈ ವಾರ್ಡಿಗೇ ಬಂದಿಲ್ಲ. ಇನ್ನೊಂದೇ ಸಲ!" ಎರಡೂಕಾಲು ಗಂಟೆ ಹೀಗೇ ನಡೆಯಿತು. ಮಗು ಮುಖ ಮೇಲೆ ಮಾಡಿಕೊಂಡು ಕೂತಿತ್ತು, ತಲೆ ಇಳಿಯಲೇ ಇಲ್ಲ. ಅದರ ಎದೆಬಡಿತ ನಿಧಾನವಾದಾಗ ಡಾಕ್ಟರಮ್ಮ ಆಪರೇಷನ್ ಎಂದರು. ಸಂಜೆ ಏಳಕ್ಕೆ ಹೆಣ್ಣುಮಗು, ಇಬ್ಬರೂ ಕ್ಷೇಮ. ಅಕ್ಕ ಕೂತು ಮನಸಾರೆ ಅತ್ತರು.

ಅಷ್ಟರಲ್ಲಿ ಐದನೇ ಮಂಚದಲ್ಲಿ ಇನ್ನೊಬ್ಬಳಿಗೆ ಹೆರಿಗೆ ಶುರುವಾಯಿತು. ಕಾರ್ಡು ಬರೆಯಬೇಕಾಗಿದ್ದ ದಾದಿ ಓಡುತ್ತಲೇ, "ಅಕ್ಕಾ, ಇದೊಂದು ನೀವೇ ಬರೆದುಬಿಡಿ" ಎಂದು ಪೆನ್ನು ಕೊಟ್ಟು ಹೋದಳು. ಅಕ್ಕ ಕಣ್ಣೊರೆಸಿಕೊಂಡರು, ಮಗುವನ್ನು ನೋಡಿ ಬಟ್ಟೆ ತರಲು ಮನೆಗೆ ಹೋಗಿದ್ದ ಅಳಿಯನಿಗೆ ಫೋನು ಮಾಡಿ ಮಗುವಿನ ಮೂಗು ಯಾರದು ಎಂದು ವಾದಿಸುತ್ತಾ, ಬರೆದರು.

ಐದನೇ ದಿನ ಎಲ್ಲರೂ ಮನೆಗೆ ಬಂದರು. ಆರನೇ ದಿನ ಮಧ್ಯಾಹ್ನ ಅಕ್ಕ ಗಂಜಿ ತೆಗೆದುಕೊಂಡು ಮೇಲೆ ಹೋದಾಗ ಮಗಳು ಕಾರ್ಡು ಹಿಡಿದು ಕೂತಿದ್ದಳು. ಕೊನೆಯ ಸಾಲಿನ ಸುತ್ತ ಪೆನ್ಸಿಲ್ಲಿನಿಂದ ಗುಂಡಗೆ ಗೆರೆ ಎಳೆದಿದ್ದಳು.

"ಇದು ನಿನ್ನ ಅಕ್ಷರ ಅಲ್ವಾ?"

ಅಕ್ಕ ನೋಡಿದರು. ತಮ್ಮದೇ ಅಕ್ಷರ. ಗಂಜಿ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು.

"ಬಾಯಲ್ಲಿ ಭೇಷ್ ಅಂದೆ, ಕೈಯಲ್ಲಿ ಸಾಲದು ಅಂತ ಬರೆದೆ. ಯಾವುದಮ್ಮಾ ನಿಜ?"

"ಅಯ್ಯೋ, ಅದು ಎಲ್ಲರಿಗೂ ಬರೆಯೋದು ಕಣೇ..."

"ಎಲ್ಲರಿಗೂ ಬರೀತೀಯಾ?" ಎಂದು ಮಗಳು ಮುಖ ತಿರುಗಿಸಿಕೊಂಡಳು. ಅದು ಬರೀ ಕೋಪವಾಗಿದ್ದರೆ ಅಕ್ಕ ಸುಧಾರಿಸಿಕೊಳ್ಳುತ್ತಿದ್ದರು. ಆದರೆ ಅವಳು ನಂಬಿಬಿಟ್ಟಿದ್ದಳು. ಇನ್ನಷ್ಟು ಗಟ್ಟಿಯಾಗಿ ಮುಕ್ಕಿದ್ದರೆ ಆಗುತ್ತಿತ್ತೇನೋ, ನನ್ನ ಕೈಲೇ ಆಗಲಿಲ್ಲ ಎಂದು ಗಂಡನ ಹತ್ತಿರ ಹೇಳಿಕೊಂಡು ಅತ್ತಳಂತೆ. ಮೂರು ದಿನ ಮೆಟ್ಟಿಲ ತುದಿಯಿಂದ "ಅಮ್ಮಾ" ಎಂಬ ಕೂಗು ಬರಲಿಲ್ಲ. ಮಗು ಅಳುವುದು ಕೆಳಗೆ ಕೇಳುತ್ತಿತ್ತು. ಅಕ್ಕ ಮೆಟ್ಟಿಲ ಬುಡದಲ್ಲಿ ನಿಂತು, ಅಳು ನಿಂತ ಮೇಲೆ ಒಳಗೆ ಹೋಗುತ್ತಿದ್ದರು. ಎಷ್ಟು ಮನೆಗಳಿಗೆ ಆ ಸಾಲು ಹೋಗಿದೆ, ಎಷ್ಟು ಜನ ಹೀಗೆ ಓದಿಕೊಂಡು ಕೂತಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಅವರಿಗೆ ಊಟವೇ ಸೇರಲಿಲ್ಲ.

ನಾಲ್ಕನೇ ದಿನ ಕಾರ್ಡಿನ ಎರಡೂ ಪ್ರತಿ ಹಿಡಿದು ಡಾಕ್ಟರಮ್ಮನ ಕೋಣೆಗೆ ಹೋದರು. ಮನೆಯ ಪ್ರತಿಯನ್ನು ಅಳಿಯ ಸದ್ದಿಲ್ಲದೆ ತಂದುಕೊಟ್ಟಿದ್ದ.

"ಇದನ್ನ ತಿದ್ದಬೇಕು."

ಡಾಕ್ಟರಮ್ಮ ಓದಿದರು. "ಇದರಲ್ಲಿ ತಪ್ಪೇನಿದೆ ಅಕ್ಕಾ? ಇದು ನಮ್ಮ ಕೆಲಸದ ಭಾಷೆ. ಹೆರಿಗೆ ಮುಂದುವರೀಲಿಲ್ಲ ಅಂತ ಅರ್ಥ. ಅವಳು ಸೋತಳು ಅಂತ ಅಲ್ಲ."

"ಅದು ನಿಮಗೂ ನನಗೂ ಗೊತ್ತು. ಕಾರ್ಡು ಹೋಗೋದು ಅವಳ ಮನೆಗೆ." ಅಕ್ಕನ ದನಿ ಏರಿತು. "ನೀವಲ್ಲೇ ಇದ್ರಿ. ಎರಡೂಕಾಲು ಗಂಟೆ. ಸಾಲದು ಅಂತ ನಿಮ್ಮ ಬಾಯಲ್ಲಿ ಒಂದ್ಸಲ ಅವಳ ಮುಂದೆ ಹೇಳಿ ನೋಡೋಣ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನು ಬರೀಬೇಕು ಅಂತೀರಿ?"

"ಏನಾಯ್ತೋ ಅದು."

ಆಸ್ಪತ್ರೆಯ ಕಾಗದದಲ್ಲಿ ಬರೆದದ್ದನ್ನು ಕೆರೆದು ಅಳಿಸುವಂತಿಲ್ಲ. ಹಳೆಯ ಸಾಲು ಕಾಣುವಂತೆ ಒಂದೇ ಗೆರೆ ಹೊಡೆದು, ಕಾರಣ ಬರೆದು, ತಾರೀಖು ಹಾಕಿ, ರುಜು ಮಾಡಬೇಕು. ಅಕ್ಕ ಗೆರೆ ಹೊಡೆದರು. ಕಾರಣ ಎಂಬಲ್ಲಿ 'ಬರೆದವಳ ತಪ್ಪು' ಎಂದು ಬರೆದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕಾರ್ಡಿನ ಮುಂದೆ ಪೆನ್ನು ಹಿಡಿದು ಯೋಚನೆ ಮಾಡಿದರು. ಜಾಗ ಸಾಲದೆ ಹಿಂಬದಿಗೂ ಬರೆದರು. ಡಾಕ್ಟರಮ್ಮ ಕೊನೆಯ ಮಾತಿನ ಮೇಲೆ ಬೆರಳಿಟ್ಟು, "ಇದು ಅಳತೆಗೆ ಸಿಗೋದಲ್ಲವಲ್ಲ ಅಕ್ಕಾ" ಎಂದು ನಕ್ಕು, ಆಮೇಲೆ ರುಜು ಹಾಕಿದರು.

ಸಂಜೆ ಅಕ್ಕ ಮೇಲಿನ ಮನೆಯ ಬಾಗಿಲು ತಟ್ಟಿದರು. ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ತೆರೆದಳು. ಅಕ್ಕ ಕಾರ್ಡು ಚಾಚಿದರು.

"ಕೈಯಲ್ಲಿ ಮಗು ಇದೆ," ಎಂದಳು ಮಗಳು, ಇನ್ನೂ ಬಿಗಿಯಾಗಿಯೇ. "ನೀನೇ ಓದು."

ಅಕ್ಕ ಬಾಗಿಲಲ್ಲೇ ನಿಂತು ಓದಿದರು. "ಬೆಳಗ್ಗೆ ಐದಕ್ಕೆ ನೋವು ಶುರುವಾಯಿತು. ಹದಿನಾಲ್ಕು ಗಂಟೆ ತಡೆದುಕೊಂಡಳು. ಎರಡೂಕಾಲು ಗಂಟೆ ಮುಕ್ಕಿದಳು. ಮಗು ಮುಖ ಮೇಲೆ ಮಾಡಿಕೊಂಡಿದ್ದರಿಂದ ತಲೆ ಇಳಿಯಲಿಲ್ಲ. ಎದೆಬಡಿತ ಕಡಿಮೆಯಾದಾಗ ಆಪರೇಷನ್ ಮಾಡಿ ಎತ್ತಲಾಯಿತು. ನಾವು ಕೇಳಿದ್ದನ್ನೆಲ್ಲ ತಾಯಿ ಮಾಡಿದಳು. ಕೇಳಿದ್ದಕ್ಕಿಂತ ಹೆಚ್ಚೇ ಮಾಡಿದಳು."

"ಡಾಕ್ಟರು ಇದಕ್ಕೆ ರುಜು ಹಾಕಿದ್ರಾ?"

"ಹಾಕಿದ್ರು. ಎರಡು ಕಡೆ."

ಮಗಳು ಬಗ್ಗಿ ರುಜು ನೋಡಿದಳು, ಗೆರೆ ಹೊಡೆದ ಸಾಲು ನೋಡಿದಳು, ಪಕ್ಕದಲ್ಲಿದ್ದ ಕಾರಣವನ್ನೂ ಓದಿದಳು. ತಿದ್ದಲು ಏನೂ ಸಿಗಲಿಲ್ಲ. ಅವಳ ಕಣ್ಣು ತುಂಬಿತು. ಮಗುವಿನ ಬೆನ್ನು ತಟ್ಟುತ್ತಾ ಒಳಗೆ ನಡೆದು ಹಾಸಿಗೆಯ ಮೇಲೆ ಕೂತಳು.

"ಅಮ್ಮಾ, ಇನ್ನೊಂದ್ಸಲ ಓದು," ಎಂದಳು. "ಇನ್ನೊಂದೇ ಸಲ."

ಆ ಮಾತಿನ ಬೆಲೆ ಅಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ಮೊದಲು ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತರು, ಆಮೇಲೆ ಶುರು ಮಾಡಿದರು.