ಗಿರಾಕಿಗೆ ಒಂದು ದಿನ ಹೆಚ್ಚು

ಕೆಳಗಿನ ಲಾಂಡ್ರಿಯವನು ಇಸ್ತ್ರಿ ಒತ್ತಿದಾಗಲೆಲ್ಲ 'ಉಸ್ಸ್' ಎಂದು ಆವಿಯ ಸದ್ದು ಮೆಟ್ಟಿಲೇರಿ ಬರುತ್ತಿತ್ತು. ಮೇಲಿನ ಕೋಣೆಯಲ್ಲಿ ಕಸೂತಿ ಹಾಕುತ್ತ ಕೂತ ಸೂಜಿಯತ್ತೆ ಪ್ರತಿಸಲವೂ, "ಇವನಿಗೇನಪ್ಪಾ ಇಷ್ಟು ಸುಸ್ತು" ಎನ್ನುವರು. 'ಸೂಜಿ' ಎಂಬುದು ಕೆಲಸಕ್ಕೆ ಬಂದ ಹೆಸರೋ ನಾಲಿಗೆಗೆ ಬಂದದ್ದೋ, ಬೀದಿಯವರು ಯಾರೂ ಬಿಡಿಸಿ ಹೇಳಿಲ್ಲ.

ಹೇಳಿದ ದಿನಕ್ಕಿಂತ ಮೊದಲೇ ಬಟ್ಟೆ ಕೊಡುವುದು ಅವರ ಹೆಮ್ಮೆ. "ನಮ್ಮ ಗಡುವು ಗಿಡ್ಡ, ಗಿರಾಕಿಯದು ಉದ್ದ" ಎಂಬುದು ವೇದವಾಕ್ಯ.

ಈಚೆಗೆ ಅವರ ಜೀವ ಒಂದು ಏರೋಪ್ಲೇನ್ ಚಿಟ್ಟೆಯ ನಮೂನೆಯ ಮೇಲೆ ಹೋಗಿತ್ತು. ದೂರದೇಶದ ಕಸೂತಿಗಾರನೊಬ್ಬ ಬರೆದದ್ದು. ಅದನ್ನು ಹೊಲಿಯುವ ಹಕ್ಕು ಡಿಜಿಟಲ್ ಟೋಕನ್ನಾಗಿ ಬ್ಲಾಕ್‌ಚೈನ್ ಎಂಬ ಆನ್‌ಲೈನ್ ಲೆಕ್ಕದ ಪುಸ್ತಕವೊಂದರಲ್ಲಿತ್ತು. ಅತ್ತೆ ಬರೆದ ಬಳ್ಳಿಯ ಟೋಕನ್ ಇನ್ನೊಂದರಲ್ಲಿ. ಆತನಿಗೆ ಬಳ್ಳಿ ಬೇಕು, ಇವರಿಗೆ ಚಿಟ್ಟೆ. ಆ ಎರಡು ಚೈನುಗಳಿಗೋ, ಮುನಿಸಿಕೊಂಡ ಓರಗಿತ್ತಿಯರ ಹಾಗೆ, ಮಾತೇ ಇಲ್ಲ. ಮೊದಲು ಕೊಟ್ಟವರು ಕೆಟ್ಟರು.

ಸೊಸೆ ದಾರಿ ಹೇಳಿದಳು. "ಅತ್ತೆ, ನೀವೊಂದು ಗುಟ್ಟಿನ ಮಾತು ಇಟ್ಕೊಳ್ಳಿ. ಆ ಮಾತಿಗೆ ಮಾತ್ರ ತೆಗೆಯೋ ಬೀಗದೊಳಗೆ ಬಳ್ಳಿ ಇಡಿ. ಅವರಿಗೆ ಮಾತು ಗೊತ್ತಿಲ್ಲದಿದ್ರೂ ಅದೇ ಮಾತಿಗೆ ತೆಗೆಯೋ ಇನ್ನೊಂದು ಬೀಗದೊಳಗೆ ಚಿಟ್ಟೆ ಇಡ್ತಾರೆ. ನೀವು ಮಾತು ಹೇಳಿ ಚಿಟ್ಟೆ ತಗೊಂಡ್ರೆ, ಮಾತು ಬಯಲಾಗುತ್ತೆ. ಅದರಿಂದ ಅವರು ಬಳ್ಳಿ ತಗೋತಾರೆ. ಗಡುವು ಮುಗಿದ್ರೆ ಅವರವರದು ಅವರವರಿಗೆ ವಾಪಸ್."

"ಅಂದ್ರೆ ನಾನು ಬಾಯಿ ಬಿಟ್ರೆ ಎಲ್ಲರಿಗೂ ಒಳ್ಳೇದು."

"ಇದೇ ಮೊದಲ ಸಲ," ಎಂದಳು ಸೊಸೆ.

ಅವಳು ಹಾಲು ಇಳಿಸಲು ಹೋದಾಗ ಅತ್ತೆ ತಾವೇ ಗಡುವು ಬರೆದು ಬಳ್ಳಿಯನ್ನು ಬೀಗದೊಳಗಿಟ್ಟರು. ತಮ್ಮ ಬೀಗಕ್ಕೆ ಒಂದು ದಿನ. ನಿಮ್ಮದಕ್ಕೆ ಎರಡು ದಿನ ಇಟ್ಟುಕೊಳ್ಳಿ ಎಂದು ಆತನಿಗೆ ಸಂದೇಶ. ಉತ್ತರ ಬಂತು: 'ಮೋಸಗಾರರ ಜೊತೆ ನನಗೆ ವ್ಯವಹಾರವಿಲ್ಲ.'

ಅತ್ತೆಯ ಮುಖ ಸಪ್ಪಗಾಯಿತು. "ಮರ್ಯಾದೆಗೆ ಅವನಿಗೇ ಒಂದು ದಿನ ಜಾಸ್ತಿ ಕೊಟ್ಟೆನಲ್ಲೇ."

ಸೊಸೆ ನಗು ನುಂಗಿದಳು. "ಹೀಗಾದ್ರೆ ನಿಮ್ಮ ಬಳ್ಳಿ ನಾಳೆ ನಿಮಗೇ ವಾಪಸ್. ಅವರ ಚಿಟ್ಟೆ ಇನ್ನೂ ಬೀಗದೊಳಗೇ. ಆಗ ಗುಟ್ಟು ಹೇಳಿ ಅದನ್ನೂ ಹೊಡ್ಕೋಬಹುದು. ಗುಟ್ಟು ಇಟ್ಕೊಂಡವರ ಗಡುವೇ ಉದ್ದ ಇರ್ಬೇಕು, ಅತ್ತೆ."

"ಒಳ್ಳೇತನಾನೇ ಕಳ್ಳತನ ಆಯ್ತು ಅನ್ನು."

ಚಿಟ್ಟೆ ಹೋದರೆ ಹೋಗಲಿ, ಹೆಸರು ಹೋಗುವುದು ಅವರಿಗೆ ಸೇರಲಿಲ್ಲ. ಬರೆಸಿದರು: 'ನಾನು ಕಳ್ಳಿಯಲ್ಲ, ಹೊಲಿಗೆಯವಳು. ಗಿರಾಕಿಗೆ ಹೆಚ್ಚು ದಿನ ಕೊಟ್ಟು, ಬೇಗ ಮುಗಿಸಿ ಕೊಡುವುದು ನನ್ನ ಅಭ್ಯಾಸ.'

ಬಹಳ ಹೊತ್ತಿನ ಮೇಲೆ ಆತ ಬರೆದ: 'ಹೇಳಿದ ದಿನಕ್ಕೆ ಮೊದಲೇ ಕೊಡುವ ಹೊಲಿಗೆಯವರನ್ನು ನಾನಿನ್ನೂ ಕಂಡಿಲ್ಲ. ನೋಡೇಬಿಡೋಣ.'

ಮರುದಿನ ಬಳ್ಳಿ ತಾನಾಗಿ ಮರಳಿತು. ಹೊಸ ಗುಟ್ಟು, ಹೊಸ ಬೀಗ. ಈ ಸಲ ಅತ್ತೆಯದು ಎರಡು ದಿನ, ಆತನದು ಒಂದು. ಗುಟ್ಟು ಒತ್ತಿದೊಡನೆ ಚಿಟ್ಟೆ ಇವರದಾಯಿತು. ಆದರೂ ಅತ್ತೆ ಸೂಜಿ ಮುಟ್ಟಲಿಲ್ಲ. "ಅವನು ತಗೊಂಡ್ನಾ? ನೋಡೇ. ತಗೊಂಡ್ನಾ?"

"ತಗೊಂಡ್ರು ಅತ್ತೆ. ನಗೋ ಮುಖ ಕಳಿಸಿದ್ದಾರೆ."

ಅತ್ತೆ ಎದ್ದೇಬಿಟ್ಟರು. "ಆ ರೆಕ್ಕೆಗೆ ಬಿಳಿ ದಾರ ಸಾಲದು. ಅಂಗಡೀಲಿ ನೀರಿನ ಬಣ್ಣದ್ದು ಇದ್ರೆ ತರ್ತೀನಿ, ಇಲ್ಲದಿದ್ರೆ ಆ ತೆಳು ಬೂದಿಗೆ ಒಂದೆಳೆ ನೀಲಿ ಸೇರಿಸಿ..." ಎನ್ನುತ್ತಲೇ ಚಪ್ಪಲಿ ಮೆಟ್ಟಿ, ಬಾಗಿಲು ದಾಟಿ, ಮೆಟ್ಟಿಲಿಳಿದರು.