ಪೇಟಿ ಮಾಸ್ತರನ ಡೆನ್ಮಾರ್ಕ್ ಶಿಷ್ಯ

ಕೊಟ್ಟೂರಿನ ಪಾಲಣ್ಣನನ್ನು ಸುತ್ತಲಿನ ಹಳ್ಳಿಗಳಲ್ಲಿ ಎಲ್ಲರೂ ಪೇಟಿ ಮಾಸ್ತರ ಎಂದೇ ಕರೆಯುತ್ತಿದ್ದರು. ಬಗಲಲ್ಲಿ ಹಾರ್ಮೋನಿಯಂ ಪೇಟಿ, ಬಾಯಲ್ಲಿ ಎಲೆ ಅಡಿಕೆ, ಹಣೆಯ ಮೇಲೆ ದುರ್ಯೋಧನನ ಗಂಟು. ಹಡಗಲಿಯಿಂದ ಕಾನಹೊಸಹಳ್ಳಿಯವರೆಗೆ ಅವನು ನಾಟಕ ಕಲಿಸದ ಊರು ಕಡಿಮೆ. ಎಮ್ಮೆ ಮೇಯಿಸಿ ಬಂದವನನ್ನು ಕೃಷ್ಣನನ್ನಾಗಿ, ಹಿಟ್ಟಿನ ಗಿರಣಿಯವನನ್ನು ಧರ್ಮರಾಯನನ್ನಾಗಿ ಮಾಡಿ ನಿಲ್ಲಿಸಿದ ಗಟ್ಟಿಗ. ಆದರೆ ಮನೆಮನೆಗೆ ಟಿವಿ ಬಂತು, ಊರೂರಿಗೆ ಆರ್ಕೆಸ್ಟ್ರಾ ಬಂತು, ಪಾಲಣ್ಣನನ್ನು ಕರೆಯುವವರೇ ಇಲ್ಲವಾದರು. ಹೆಂಡತಿ ಕೊಟ್ರಬಸಮ್ಮನ ಅಣ್ಣನದೊಂದು ಹತ್ತಿ ಮಿಲ್ಲು ಇತ್ತು. ಅದರ ಗೇಟಿನಲ್ಲಿ ಕುಳಿತು, ಲಾರಿ ಬಂದಾಗ ಎದ್ದು ಬಾಗಿಲು ತೆಗೆಯುವ ಕೆಲಸ ಇವನಿಗಾಗಿ ಕಾದಿತ್ತು. ಭೀಮನಿಗೆ ಗದೆ ಹಿಡಿಯುವುದನ್ನು ಕಲಿಸಿದವನು ಹೆಂಡತಿಯ ಅಣ್ಣನ ಗೇಟು ತೆಗೆಯುವುದೇ? ನೆನೆದರೇ ಅವನು ಪೇಟಿಯನ್ನು ಬಗಲಿಗೆ ಇನ್ನಷ್ಟು ಒತ್ತಿಕೊಳ್ಳುತ್ತಿದ್ದ.

ಅಂಥ ಹೊತ್ತಿನಲ್ಲಿ ಕ್ರಾಂತಿ ಬಂದಳು. ಹಗರಿಬೊಮ್ಮನಹಳ್ಳಿಯ ಹುಡುಗಿ, ಹರಪನಹಳ್ಳಿ ಕಡೆಯ ಗುಡ್ಡಗಳ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನು ನಿಲ್ಲಿಸುತ್ತಿದ್ದ ಕಂಪನಿಯಲ್ಲಿ ಆಫೀಸರು. ಕಂಪನಿ ಡೆನ್ಮಾರ್ಕ್ ದೇಶದಿಂದ ಹೆನ್ರಿಕ್ ಎಂಬ ಹೊಸ ಮ್ಯಾನೇಜರನ್ನು ಕರೆಸಿತ್ತು. ಕೆಲಸಕ್ಕೆ ಕೂರುವ ಮೊದಲು ಅವನಿಗೆ ಇಲ್ಲಿಯ ಮಾತು, ರೀತಿ ರಿವಾಜು ಎಲ್ಲ ಕಲಿಸಬೇಕಿತ್ತು. ಅದಕ್ಕೆ ಕಾರಣವೂ ಇತ್ತು. ಹಿಂದಿನ ಮ್ಯಾನೇಜರು ಗುಡ್ಡದ ಚಿಕ್ಕಹಳ್ಳಿಗೆ ಹೋಗಿ, ಕೊಟ್ಟ ನೀರು ಮುಟ್ಟದೆ, ನಿಂತ ಕಾಲಲ್ಲೇ ಕಂಪನಿ ಲಾರಿಗಳಿಗೆ ಗುಡ್ಡದ ದಾರಿ ಬಿಡಿ ಎಂದು ಕೇಳಿದ್ದ. ಊರವರು ಬೈಯಲಿಲ್ಲ, ಹೊಡೆಯಲಿಲ್ಲ, ಲಾರಿಯನ್ನೂ ಬಿಡಲಿಲ್ಲ. ಆತ ಗಂಟುಮೂಟೆ ಕಟ್ಟಿಕೊಂಡು ತನ್ನ ದೇಶಕ್ಕೆ ಹೋದ.

“ಒಂದ್ ತಿಂಗಳಾದ್ಮ್ಯಾಲ ಇವ್ರು ಆ ಊರಿನ ಕಟ್ಟಿ ಮ್ಯಾಲ ಕುಂತು ತಾವಾ ಮಾತಾಡ್ಬೇಕ್ರಿ. ನಡುವ ಯಾರೂ ಬಾಯಿ ಹಾಕಂಗಿಲ್ಲ,” ಎಂದಳು ಕ್ರಾಂತಿ. “ಅದು ಆತಂದ್ರ ಮುಂದ ಬರೋರನ್ನೂ ನಿಮ್ಮ ಹತ್ರಾನ ಕಳಸ್ತೀವಿ. ಇಲ್ಲಂದ್ರ ಬೆಂಗಳೂರಾಗ ಕಲಸೋರು ಅದಾರ.”

“ಪಾತ್ರಕ್ಕ ಹೆದರೋ ಮಾಸ್ತರ ನಾನಲ್ಲವ್ವ,” ಎಂದು ಪಾಲಣ್ಣ ಎದೆ ತಟ್ಟಿಕೊಂಡ.

ಹೆನ್ರಿಕ್ ಮಾಸ್ತರನ ಮನೆಯ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡೇ ಒಳಗೆ ಬಂದ. ಅಷ್ಟೆತ್ತರದ ಆಳು. ಪಾಲಣ್ಣ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಛಲೋ ಭೀಮ ಆಗ್ತಿದ್ದ, ಆ ಹಳದಿ ಕೂದಲ ಕೆಡಿಸೈತಿ” ಎಂದು ನಿಟ್ಟುಸಿರು ಬಿಟ್ಟ.

ಪಾಲಣ್ಣನಿಗೆ ಗೊತ್ತಿದ್ದ ಪಾಠದ ರೀತಿ ಒಂದೇ: ತಾಲೀಮು. ಮಾತು ಬಾಯಿಪಾಠ ಮಾಡಬೇಕು, ಎದೆ ಉಬ್ಬಿಸಬೇಕು, ಬಲಗೈ ಎತ್ತಬೇಕು, ಮೂರು ಮನೆಗೆ ಕೇಳುವಂತೆ ಹೇಳಬೇಕು. ಮೊದಲ ಪಾಠವೇ ನಾಂದಿ. “ನಾಂದಿ ಹಾಡದ ಕಥಿ ಎತ್ತಬಾರ್ದು ಸಾಹೇಬ್ರ. ಮೊದ್ಲು ಮಳಿ ಸುದ್ದಿ ಕೇಳ್ರಿ, ಆಮ್ಯಾಲ ಜೋಳ ಕೇಳ್ರಿ, ಎತ್ತು ಕೇಳ್ರಿ, ಮೊಮ್ಮಕ್ಕಳನ್ನ ಕೇಳ್ರಿ. ಅವ್ರಾ ಏನ್ ಬಂದ್ರಿ ಅನ್ನೋಮಟ ದಾರಿ ಸುದ್ದಿ ತೆಗೀಬ್ಯಾಡ್ರಿ.” ಎರಡನೆಯದು ಉಪಚಾರ. ಚಹಾ ಕೊಟ್ಟರೆ ಮೊದಲು ಬೇಡ ಎನ್ನಬೇಕು, ಒತ್ತಾಯ ಮಾಡಿಸಿಕೊಂಡು ಆಮೇಲೆ ಕುಡಿಯಬೇಕು.

ಈ ಪಾಠಕ್ಕೆ ಚಿಕ್ಕಹಳ್ಳಿಯ ಹಿರಿಯ ಪಂಚಾಕ್ಷರಪ್ಪನ ಪಾತ್ರವನ್ನು ಕೊಟ್ರಬಸಮ್ಮನೇ ವಹಿಸಿದಳು. ತಲೆಗೊಂದು ಟವೆಲ್ ಸುತ್ತಿಕೊಂಡು, ರೊಟ್ಟಿ ತಟ್ಟುವುದನ್ನು ಬಿಟ್ಟು ಬಂದು ಚಹಾ ಚಾಚಿದಳು. ಹೆನ್ರಿಕ್ ಕಲಿತಂತೆ ಗಂಭೀರವಾಗಿ “ಬ್ಯಾಡ್ರಿ” ಎಂದ.

“ಬ್ಯಾಡಂದ್ರ ಬಿಡ್ರಿ, ನನಗೇನ್ ಕೆಲಸ ಇಲ್ಲೇನು,” ಎಂದು ಅವಳು ಕಪ್ಪು ಎತ್ತಿಕೊಂಡು ಒಳಗೆ ನಡೆದುಬಿಟ್ಟಳು. ಹೆನ್ರಿಕ್ ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕುಳಿತ.

ಶಿಷ್ಯ ಚುರುಕಾಗಿದ್ದ. ಬೇಗ ಬೇಗ ಕಲಿತ. ಕಲಿತದ್ದು ಹೇಗಿತ್ತೆಂದರೆ, ಒಂದು ದಿನ ಬಸ್‌ಸ್ಟ್ಯಾಂಡಿನ ಹೋಟೆಲಿನ ಮುಂದೆ ನಿಂತು, ಬಲಗೈ ಎತ್ತಿ, “ಎಲೈ ಚಹಾ ಕಾಸುವವನೇ, ಒಂದು ಬಟ್ಟಲು ಚಹಾವನ್ನು ತರುವಂಥವನಾಗು!” ಎಂದು ಗುಡುಗಿದ. ಹೊರಡಲಿದ್ದ ಹರಪನಹಳ್ಳಿ ಬಸ್ಸು ಅಲ್ಲೇ ನಿಂತಿತು. ಪಾಲಣ್ಣನ ಕಣ್ಣುಗಳು ಹೆಮ್ಮೆಯಿಂದ ಹೊಳೆದವು. ಅಂದೇ ಬಂದಿಳಿದ ಕ್ರಾಂತಿ ಮಾತ್ರ ತಲೆಮೇಲೆ ಕೈ ಹೊತ್ತಳು.

“ಮಾಸ್ತರ್ರ, ಇವ್ರಿಗೆ ಕನ್ನಡ ಕಲಿಸೀರೋ, ಪಾತ್ರ ಕಲಿಸೀರೋ?”

“ಎರಡೂ ಒಂದ ಅಲ್ಲೇನವ್ವ?”

ಉಳಿದ ದಿನಗಳೆಲ್ಲ ಧ್ವನಿ ಇಳಿಸುವುದರಲ್ಲೇ ಹೋದವು. ಏರಿಸುವುದನ್ನು ಕಲಿಸಿ ಗೊತ್ತಿದ್ದ ಪಾಲಣ್ಣನಿಗೆ ಇಳಿಸುವುದನ್ನು ಕಲಿಸಲು ಜೀವ ಹೋಗಿ ಜೀವ ಬಂತು.

ಪರೀಕ್ಷೆಯ ದಿನ ಬಂದೇ ಬಂತು. ಚಿಕ್ಕಹಳ್ಳಿಯ ಕಟ್ಟೆಯ ಹಿಂದೆ ಒಂದು ದಪ್ಪ ಬೇವಿನ ಮರವಿತ್ತು. ಯಾರೂ ಬಾಯಿ ಹಾಕಬಾರದೆಂದು ಕ್ರಾಂತಿ ಹೇಳಿದ್ದು ನಿಜ. ಆದರೆ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವವನಿಲ್ಲದೆ ನಾಟಕ ನಡೆದದ್ದು ಎಲ್ಲಾದರೂ ಉಂಟೆ? ಪಾಲಣ್ಣ ಮೊದಲ ಬಸ್ಸಿಗೇ ಬಂದು ಮರದ ಹಿಂದೆ ಸೇರಿಕೊಂಡಿದ್ದ.

ಕ್ರಾಂತಿಯ ಜೊತೆ ಬಂದ ಹೆನ್ರಿಕ್ ಕಟ್ಟೆ ಹತ್ತಿ ಪಂಚಾಕ್ಷರಪ್ಪನ ಪಕ್ಕ ಕುಳಿತ. ನೀರು ಕುಡಿದ. ಮಳೆ ಕೇಳಿದ, ಜೋಳ ಕೇಳಿದ, ಎತ್ತು ಕೇಳಿದ. ಮಳೆಯ ಮಾತಿಗೆ ಒಮ್ಮೆ ಬಲಗೈ ತಾನಾಗಿ ಮೇಲೆದ್ದಿತು. ಕ್ರಾಂತಿಯ ಮುಖ ನೋಡಿ ಅದೇ ಕೈಯಿಂದ ತಲೆ ಕೆರೆದುಕೊಂಡ. ಚಹಾಕ್ಕೆ ಬ್ಯಾಡ್ರಿ ಎಂದ, ಊರವರು ಬಿಡಲಿಲ್ಲ, ಕುಡಿದ. ಕೊನೆಗೆ ಪಂಚಾಕ್ಷರಪ್ಪನೇ, “ಏನ್ ಬಂದ್ರಿ ಸಾಹೇಬ್ರ?” ಎಂದು ಕೇಳಿದ.

“ಗುಡ್ಡಕ್ಕ ಲಾರಿ ಹೋಗ್ಬೇಕ್ರಿ. ದಾರಿ ಬೇಕ್ರಿ. ನೀವು ಮನಸ್ಸು ಮಾಡ್ಬೇಕು.”

ಪಂಚಾಕ್ಷರಪ್ಪ ಏನೂ ಹೇಳಲಿಲ್ಲ. ಗುಡ್ಡದ ಕಡೆ ನೋಡಿದ. ಮೊಣಕಾಲು ಸವರಿಕೊಂಡ. ಕಟ್ಟೆಯ ಮೇಲಿದ್ದವರೆಲ್ಲ ಸುಮ್ಮನಾದರು.

ಮರದ ಹಿಂದೆ ಪಾಲಣ್ಣ ಬೆವೆತುಹೋದ. ರಂಗದ ಮೇಲೆ ಮಾತು ನಿಂತಿತೆಂದರೆ ಪಾತ್ರಧಾರಿ ಮರೆತನೆಂದೇ ಅರ್ಥ. ಹಿಂದೆಯೇ ಸಿಳ್ಳೆ, ಅದರ ಹಿಂದೆ ಚಪ್ಪಲಿ. “ನಿಮ್ಮ ಪಾದದ ಧೂಳಿ ನಾನು, ಅನ್ನು!” ಎಂದು ಪಿಸುಗುಟ್ಟಿದ. ಹೆನ್ರಿಕ್ ಅನ್ನಲಿಲ್ಲ. “ಹಿರಿಯರ, ನೀವಾ ಗತಿ ಅನ್ನು!” ಎಂದು ತುಸು ಜೋರಾಗಿ ಹೇಳಿದ. ಅದನ್ನೂ ಅನ್ನಲಿಲ್ಲ. ಪಾಲಣ್ಣನ ಬೇಗುದಿ ಮಿತಿಮೀರಿ, “ಅನ್ನೋ, ಅನ್ನು!” ಎಂಬ ಅಬ್ಬರ ಹೊರಬಿತ್ತು. ಮರದ ಮೇಲಿನ ಕಾಗೆಗಳೆಲ್ಲ ಎದ್ದು ಹಾರಿದವು.

“ಲೇ, ಪೇಟಿ ಮಾಸ್ತರ ಅದಾನ ಅಲ್ಲಿ!” ಎಂದು ಯಾರೋ ಕೂಗಿದರು. ಕ್ರಾಂತಿ ಕಣ್ಣು ಮುಚ್ಚಿಕೊಂಡಳು.

ಹೆನ್ರಿಕ್ ತಿರುಗಿಯೂ ನೋಡಲಿಲ್ಲ. ಮೆಲ್ಲಗೆ, ಕಟ್ಟೆಗೂ ಮರಕ್ಕೂ ಅಷ್ಟೇ ಕೇಳುವ ದನಿಯಲ್ಲಿ, “ಗುರುಗಳ, ಸ್ವಲ್ಪ ಸುಮ್ನಿರ್ರಿ. ಹಿರಿಯರು ವಿಚಾರ ಮಾಡಾಕತ್ಯಾರ,” ಎಂದ.

ಕಟ್ಟೆಗೆ ಕಟ್ಟೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾಸ್ತರನ ನಾಟಕದ ಹಳೆಯ ಕೃಷ್ಣನೊಬ್ಬ “ಒನ್ಸ್ ಮೋರ್!” ಎಂದ. ಪಾಲಣ್ಣ ಮರಕ್ಕೆ ಆತು ನಿಂತ. ಗೇಟಿನ ಕೆಲಸ ಕಣ್ಣ ಮುಂದೆ ಬಂದು ಕುಳಿತಿತು. ಆದರೂ ಅವನ ಕಿವಿ ಆ ಮಾತಿನಲ್ಲೇ ಇತ್ತು. ಸುಮ್ನಿರ್ರಿ ಎಂಬ ಮೊದಲರ್ಧ ಎಲ್ಲಿಂದ ಬಂತೆಂದು ಹುಡುಕುವ ಅಗತ್ಯವಿರಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಕೊಟ್ರಬಸಮ್ಮ ಗಂಡನಿಗೆ ಹೇಳುತ್ತಿದ್ದದ್ದು ಅದೇ. ಎರಡನೆಯರ್ಧವನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ಅದನ್ನು ಆ ಮನುಷ್ಯ ತಾನೇ ಕಟ್ಟಿದ್ದ. ಇಷ್ಟು ವರ್ಷ ಬಾಯಿಪಾಠ ಮಾಡಿಸಿದವರಲ್ಲಿ ಒಬ್ಬನೂ ತನ್ನದೆಂಬ ಒಂದು ಮಾತು ಆಡಿರಲಿಲ್ಲ. ನಾಚಿಕೆಯೋ ಸಂತೋಷವೋ ತಿಳಿಯದೆ ಪಾಲಣ್ಣನಿಗೆ ಕಣ್ಣು ತುಂಬಿ ಬಂತು.

ನಗು ಅಡಗಿತು. ಹೆನ್ರಿಕ್ ಕಾದ. ಬಹಳ ಹೊತ್ತಿನ ಮೇಲೆ ಪಂಚಾಕ್ಷರಪ್ಪ ಬಾಯಿ ತೆರೆದ.

“ಆ ಹಾದಿ ತಿರುವಿನಾಗ ನಮ್ಮವ್ವನ್ನ ಮಣ್ಣು ಮಾಡೀವ್ರಿ. ನಿಮ್ಮ ಉದ್ದನ ಲಾರಿ ತಿರುಗಿದ್ರ ಗೋರಿ ಉಳಿಯಂಗಿಲ್ಲ. ಹಿಂದಿನ ಸಾಹೇಬ್ರಿಗೆ ಹೇಳ್ಬೇಕಂದ್ವಿ, ನಾವು ಬಾಯಿ ತೆಗೆಯೋದ್ರಾಗ ಅವ್ರು ಎದ್ದು ಹೋದ್ರು.”

“ಬ್ಯಾರೆ ದಾರಿ ಐತೇನ್ರಿ? ನೀವಾ ತೋರಸ್ರಿ,” ಎಂದ ಹೆನ್ರಿಕ್.

ದಾರಿ ಇತ್ತು, ಕೆರೆಯ ಹಿಂದಿನಿಂದ. ಪಂಚಾಕ್ಷರಪ್ಪನೇ ಮುಂದೆ ನಡೆದು ತೋರಿಸಿದ.

ಪಾಲಣ್ಣ ತಲೆ ತಗ್ಗಿಸಿ ಕ್ರಾಂತಿಯ ಮುಂದೆ ನಿಂತ. “ತಪ್ಪಾತವ್ವ. ಗೆದ್ದದ್ದು ನಾ ಕಲಿಸಿದ ಮಾತಲ್ಲ. ನಾಳಿಂದ ನಾ ಗೇಟಿಗೆ ಹೊಕ್ಕೀನಿ.”

ಕ್ರಾಂತಿಗೆ ನಗು ತಡೆಯಲಾಗಲಿಲ್ಲ. “ಬ್ಯಾರೆ ಕಡೆ ಕಲಿತವ್ರು ಕಲಿಸಿದ್ದನ್ನ ಹೇಳಿ ಎದ್ದು ಬರ್ತಾರ್ರಿ. ಇವ್ರು ಗುರುವನ್ನ ಸುಮ್ನ ಮಾಡಿ ಹಿರಿಯರ ಮಾತು ಕೇಳಿದ್ರು. ಮುಂದಿನ ತಿಂಗಳು ಗಂಡ ಹೆಂಡತಿ ಇಬ್ರು ಬರ್ತಾರ, ನಿಮ್ಮ ಮನಿಗೇ ಕಳಸ್ತೀವಿ. ಆದ್ರ ಮಾತಾಡೋದನ್ನ ನೀವು ಕಲಸ್ರಿ, ಸುಮ್ನಿರೋದನ್ನ ನಿಮಗ ದಿನಾ ಸುಮ್ನಿರ್ರಿ ಅನ್ನೋ ಅಮ್ಮಾರು ಕಲಿಸ್ಲಿ. ಆರ್ಡರು ಇಬ್ರ ಹೆಸರಿಗೂ.”

ಪಾಲಣ್ಣ ಮನೆಗೆ ಬಂದು, ಪಂಚಾಕ್ಷರಪ್ಪ, ಸಾಹೇಬ, ಕಾಗೆ ಎಲ್ಲರ ಪಾತ್ರವನ್ನೂ ತಾನೇ ಮಾಡಿ ಕಥೆ ಹೇಳಿದ. ಕೊಟ್ರಬಸಮ್ಮ ಹಿಟ್ಟಿನ ಕೈಯಲ್ಲೇ ನಿಂತು ಪೂರ್ತಿ ಕೇಳಿದಳು.

“ಅವ್ರು ಬರೋದು ಮುಂದಿನ ತಿಂಗಳ ಅಲ್ಲೇನ್ರಿ? ಛಲೋ ಆತು,” ಎಂದಳು. “ಅಲ್ಲೀಮಟ ನಿಮ್ಮ ಮ್ಯಾಲ ತಾಲೀಮು ಮಾಡ್ತೀನಿ. ಸುಮ್ನಿರೋದು ನಿಮಗ ಬಂತಂದ್ರ ದೇವ್ರಾಣಿ ಯಾರಿಗಾದ್ರೂ ಬರ್ತೈತಿ.”