ಅತ್ತೆ ಬಿಡಿಸಿದ ಪದಬಂಧ

ನಮ್ಮ ಮನೆಯಲ್ಲಿ ಪೇಪರನ್ನು ಹಿಂದಿನಿಂದ ಮುಂದಕ್ಕೆ ಓದುವವಳು ನಾನೊಬ್ಬಳೇ. ಲೋಕದ ಸುದ್ದಿಯೆಲ್ಲ ಮೊದಲ ಪುಟದಲ್ಲಿ ಕಾದು ಕೂತಿರಲಿ, ನನಗೆ ಮಾತ್ರ ಒಳಪುಟದ ಮೂಲೆಯಲ್ಲಿರುವ ಆ ಕಪ್ಪು ಬಿಳುಪು ಚೌಕಗಳು ತುಂಬದೆ ಬೆಳಗಿನ ಟೀ ಗಂಟಲಿಗಿಳಿಯುವುದಿಲ್ಲ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ಪದಬಂಧ ಆಟವೂ ಹೌದು, ಗುಟ್ಟಾಗಿ ಸಾಕಿಕೊಂಡ ಅಹಂಕಾರವೂ ಹೌದು. ‘ಸಮುದ್ರ, ನಾಲ್ಕಕ್ಷರ’ ಎಂದು ಕಂಡರೆ ಸಾಕು, ರತ್ನಾಕರನೂ ಪಾರಾವಾರವೂ ನಾ ಮುಂದು ತಾ ಮುಂದು ಎಂದು ಬಂದು ನಿಲ್ಲುತ್ತವೆ. ಪೆನ್ಸಿಲ್ಲಿನಲ್ಲಿ ಬರೆದು ಅಳಿಸುವವರನ್ನು ಕಂಡರೆ ನನಗೊಂದು ಬಗೆಯ ಕನಿಕರ. ನಾನು ಬರೆಯುವುದು ಪೆನ್ನಿನಲ್ಲೇ.

ಇಂಥ ನನ್ನ ಮನೆಗೆ ಕಳೆದ ಬೇಸಿಗೆ ರಜೆಯಲ್ಲಿ ಅತ್ತೆ ಬಂದರು. ಮಾಳಮ್ಮ ಎಂದು ಅವರ ಹೆಸರು, ಹಿರೇಗುಂಟನೂರಿನವರು. ಕುರಿ ಮೇಯಿಸಿ, ಹೊಲ ಮಾಡಿ ಮಕ್ಕಳನ್ನು ಬೆಳೆಸಿದವರು, ಓದಿದ್ದು ನಾಲ್ಕನೇ ಕ್ಲಾಸು. ಚಿತ್ರದುರ್ಗದಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಬಗ್ಗಬಾರದು, ಭಾರ ಎತ್ತಬಾರದು, ಹೊತ್ತು ಹೊತ್ತಿಗೆ ಹನಿ ಹಾಕಬೇಕು ಎಂದು ಡಾಕ್ಟರು ಹೇಳಿದ್ದರಿಂದ, ಊರಲ್ಲಿದ್ದರೆ ಒಂದು ಗಳಿಗೆ ಸುಮ್ಮನೆ ಕೂರುವವರಲ್ಲವೆಂದು ನಮ್ಮ ಮನೆಯವರು ಇಲ್ಲಿಗೇ ಕರೆತಂದರು. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯ ಮಂಚದ ಮೇಲೆ ಕೂತ ಅತ್ತೆಯನ್ನು ಕಂಡು ನನಗೆ ನಿಜಕ್ಕೂ ದಿಗಿಲಾಯಿತು. ಒಂದು ತಿಂಗಳು ಈ ಮೌನವನ್ನು ಹೇಗೆ ದಾಟುವುದು? ಮದುವೆಯಾಗಿ ಹನ್ನೆರಡು ವರ್ಷಗಳಲ್ಲಿ ಅವರು ನನ್ನೊಡನೆ ಆಡಿದ ಮಾತು ‘ಹೂಂ’, ‘ಊಹೂಂ’, ‘ಸಾಕು’ ಎಂಬ ಮೂರರಾಚೆಗೆ ಹೋಗಿದ್ದೇ ಕಡಿಮೆ. ಜಗಳವಿಲ್ಲ, ಕೊಂಕಿಲ್ಲ, ಮಾತೂ ಇಲ್ಲ. ಮಿತಭಾಷಿಗಳು ಎಂದು ನಾನೇ ಒಂದು ಸಂಸ್ಕೃತ ಪದ ಹುಡುಕಿ, ಅವರಿಗೆ ತೊಡಿಸಿ, ನೆಮ್ಮದಿಯಾಗಿದ್ದೆ. ಪದ ಸಿಕ್ಕಿತೆಂದರೆ ಅರ್ಥವೂ ಸಿಕ್ಕಿತು ಎಂದುಕೊಳ್ಳುವುದು ಓದಿದವರ ದೊಡ್ಡ ಸೋಮಾರಿತನ ನೋಡಿ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಬೆಳಗ್ಗೆ ಹನಿ ಹಾಕಿ, ಮಂಚದ ಪಕ್ಕದಲ್ಲೇ ಪೇಪರು ಹಿಡಿದು ಕೂತಿದ್ದೆ. ಸುಳಿವನ್ನು ಬಾಯಲ್ಲಿ ಗುನುಗಿಕೊಳ್ಳುವುದು ನನ್ನ ಅಭ್ಯಾಸ. “ಕುರಿಗಳನ್ನು ಕೂಡುವ ಜಾಗ, ಎರಡಕ್ಷರ” ಎಂದುಕೊಂಡು ‘ದೊಡ್ಡಿ’ ಎಂದು ಬರೆದೆ. ಬರೆದದ್ದೇ ಎಡವಟ್ಟಾಯಿತು. ಅದರ ಎರಡನೆಯ ಅಕ್ಷರದ ಮೇಲೆ ‘ಹ’, ಕೆಳಗೆ ‘ಳ’ ಆಗಲೇ ಕೂತಿದ್ದವು. ಮೇಲಿನಿಂದ ಕೆಳಕ್ಕೆ ಓದಿದರೆ ‘ಹಡ್ಡಿಳ’ ಎಂಬ ವಿಚಿತ್ರ ಪ್ರಾಣಿ ಹುಟ್ಟಿತು. ಸುಳಿವು ನೋಡಿದರೆ ‘ಸುಟ್ಟರೂ ರುಚಿ, ಕರಿದರೂ ರುಚಿ’ ಎಂದಿದೆ. ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಕಪ್ಪು ಕನ್ನಡಕದ ಹಿಂದಿನಿಂದ ಸಣ್ಣ ದನಿಯೊಂದು ಬಂತು.

“ರೊಪ್ಪ.”

“ಏನಂದ್ರಿ ಅತ್ತೆ?”

“ದೊಡ್ಡಿಗೆ ದನ ಕೂಡಾದು. ಕುರಿಗೆ ರೊಪ್ಪ,” ಎಂದು ತಡೆದು ತಡೆದು ಹೇಳಿ, ಗೋಡೆಯ ಕಡೆ ತಿರುಗಿಕೊಂಡರು.

‘ದೊಡ್ಡಿ’ಯನ್ನು ಗೀಚಿ ‘ರೊಪ್ಪ’ ಬರೆದೆ. ಹಡ್ಡಿಳ ಹೋಗಿ ಹಪ್ಪಳವಾಯಿತು! ಖುಷಿಗೆ ಜೋರಾಗಿ ನಕ್ಕುಬಿಟ್ಟೆ. “ಸರಿಯಾಯ್ತು ಅತ್ತೆ, ಕೂತಿತು!” ಎಂದರೆ ಅವರು ಮೆಲ್ಲನೆ ಇತ್ತ ತಿರುಗಿ, “ಕೂತ್ಕಳ್ದೆ ಏನು, ಐದು ವರ್ಷದವಳಿದ್ದಾಗಿಂದ ಅದ್ರಾಗೇ ಬೆಳೆದೀನಿ,” ಎಂದರು. ಹನ್ನೆರಡು ವರ್ಷಗಳಲ್ಲಿ ನಾನು ಅವರಿಂದ ಕೇಳಿದ ಅತಿ ಉದ್ದದ ವಾಕ್ಯ ಅದು.

ಮರುದಿನದಿಂದ ಬೇಕೆಂದೇ ಜೋರಾಗಿ ಓದತೊಡಗಿದೆ. ನೇಗಿಲ ಹಿಡಿ ಎಂದರೆ ‘ಮೇಳಿ’, ಮಘೆಯ ನಂತರದ ಮಳೆ ‘ಹುಬ್ಬೆ’; ನಾನು ನಿಘಂಟಿನ ಕಡೆ ಕೈ ಚಾಚುವಷ್ಟರಲ್ಲಿ ಅತ್ತೆಯ ಬಾಯಿಂದ ಪದ ಬಂದುಬಿಡುತ್ತಿತ್ತು. ನನ್ನ ಪದಗಳು ಪುಸ್ತಕದಿಂದ ಬಂದವು, ಇಸ್ತ್ರಿ ಮಾಡಿದ ಬಟ್ಟೆಯಂಥವು. ಅವರವು ಕೈಗೆ ಮೈಗೆ ತಾಗಿ ಸವೆದು ಮೆತ್ತಗಾದವು. ಹಾಗೆಂದು ಅವರೇನು ತಪ್ಪುವುದೇ ಇಲ್ಲವೆಂದಲ್ಲ. ‘ಜಿಪುಣ, ಮೂರಕ್ಷರ’ ಎಂದು ಓದಿದ ದಿನ ಬೆರಳು ಮಡಚಿ ಎಣಿಸಿ, “ತಿ-ಪ್ಪೇ-ಶಿ. ಸರಿಯಾಗಿ ಮೂರೈತೆ, ಬರಿ,” ಎಂದರು. ತಿಪ್ಪೇಶಿ ಅವರ ಮೈದುನ. ಪೇಪರಿನವರಿಗೆ ಬೇಕಾದದ್ದು ‘ಕೃಪಣ’ ಎಂದು ತಿಳಿಸಿದರೆ, “ಅವರಿಗೆ ತಿಪ್ಪೇಶಿ ಗೊತ್ತಿಲ್ಲ, ಅದ್ಕೇ,” ಎಂದು ಖಚಿತವಾಗಿ ಹೇಳಿದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಪರೇಷನ್ನಾದ ಕಣ್ಣು ಅಂತ ಆಮೇಲೆ ನೆನಪಾಗಿ ಗಾಬರಿಯಿಂದ ಹತ್ತಿ ತಂದು ಒತ್ತಿದೆ.

ಆ ನಗುವಿನ ಬೆನ್ನಿಗೇ ಕೇಳಿಬಿಟ್ಟೆ: “ಇಷ್ಟೊಂದು ಮಾತನ್ನ ಇಷ್ಟು ವರ್ಷ ಎಲ್ಲಿ ಮುಚ್ಚಿಟ್ಟಿದ್ರಿ ಅತ್ತೆ?”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ನೀನೇ ತಿದ್ದಿದ್ದಲ್ಲೇನಮ್ಮ?”

“ನಾನಾ?”

“ನಿಮ್ ಮದ್ವೆ ಆದ ವರ್ಷ, ಈ ಮನೆ ಒಕ್ಕಲಾದ ದಿನ. ನಿಮ್ಮ ಸ್ಕೂಲ್‌ನೋರು ಬಂದಿದ್ರು. ಬರ್ರಿ, ಕುಂತ್ಕಳ್ರಿ, ಪಾಯ್ಸ ಐತೆ, ಉಣ್ರಿ ಅಂದೆ. ನೀನು ನಕ್ಕಂಡು, ಹಂಗಲ್ಲ ಅತ್ತೆ, ಕುಳಿತುಕೊಳ್ಳಿ ಅನ್ಬೇಕು, ಐತೆ ಅಲ್ಲ, ಇದೆ ಅಂದೆ. ಎಲ್ಲಾರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಿನ್ ಮುಂದೆ ಬಾಯಿ ಬಿಡಾಕೆ ಹೆದರಿಕೆ ಆತು. ಎಲ್ಲಿ ತಪ್ಪಾಡ್ತೀನೋ, ಓದಿದ ಸೊಸೆಗೆ ಎಲ್ಲಿ ನಾಚಿಕೆ ಆಗ್ತೈತೋ ಅಂತ.”

ನನಗೆ ಆ ದಿನ ಮಸುಕಾಗಿ ನೆನಪಿತ್ತು. ಆ ಮಾತು ನೆನಪೇ ಇರಲಿಲ್ಲ. ತರಗತಿಯಲ್ಲಿ ದಿನಕ್ಕೆ ನೂರು ಸಲ ತಿದ್ದುವ ನಾಲಿಗೆ ಅಂದೂ ತಿದ್ದಿತ್ತು, ಮರೆತಿತ್ತು. ಹಿರೇಗುಂಟನೂರಿನಲ್ಲಿ ಮಾಳಮ್ಮನ ಮಾತು ಕೇಳಲೆಂದೇ ಕಟ್ಟೆಯ ಮೇಲೆ ಜನ ಸೇರುತ್ತಾರೆಂದು ನಮ್ಮ ಮನೆಯವರು ಹೇಳಿದಾಗಲೆಲ್ಲ, ತಾಯಿಯ ಮೇಲಿನ ಮಮಕಾರಕ್ಕೆ ಉಬ್ಬಿಸುತ್ತಾರೆಂದುಕೊಂಡು ನಾನು ನಂಬಿರಲೇ ಇಲ್ಲ. ಹಾಗೆ ಜನ ಕೂಡಿಸಿದ ಒಬ್ಬರು ನನ್ನ ಮನೆಯ ಹೊಸ್ತಿಲು ದಾಟುವಾಗಲೆಲ್ಲ ತಮ್ಮ ಮಾತನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬರುತ್ತಿದ್ದರು. ಸಮುದ್ರಕ್ಕೆ ಹತ್ತು ಹೆಸರು ಬಲ್ಲ ನಾನು ಪೇಪರನ್ನು ಮಡಚಿ ಬದಿಗಿಟ್ಟೆ. ಅವರ ಕೈ ಹಿಡಿದುಕೊಂಡೆ. “ತಪ್ಪು ನನ್ನದು ಅತ್ತೆ. ನಿಮ್ಮ ಮಾತಲ್ಲಿ ಏನೂ ತಪ್ಪಿರಲಿಲ್ಲ. ತಪ್ಪಾಯ್ತು,” ಎಂದೆ.

ಅತ್ತೆ ನನ್ನ ಕೈಯನ್ನು ಎರಡು ಸಲ ತಟ್ಟಿ, “ಆತು ಬಿಡು. ಮುಂದಿಂದು ಏನೈತೆ, ಓದು,” ಎಂದರು.

ತಿಂಗಳು ತುಂಬಿದ ಮೇಲೆ ಕಣ್ಣು ತೋರಿಸಲು ಇಬ್ಬರೂ ಚಿತ್ರದುರ್ಗಕ್ಕೆ ಹೋದೆವು. ಕಣ್ಣು ಚೆನ್ನಾಗಿದೆ ಎಂದ ಡಾಕ್ಟರು ಓದಲೊಂದು ಕನ್ನಡಕ ಬರೆದುಕೊಟ್ಟರು. ಸಂಜೆ ಕನ್ನಡಕ ಕೈಗೆ ಬಂದದ್ದೇ ತಡ, ಅತ್ತೆ ಬಸ್‌ಸ್ಟ್ಯಾಂಡಿನಲ್ಲಿ ತಾವೇ ಹೋಗಿ ಒಂದು ಪೇಪರು ಕೊಂಡರು. ಹೊಸದುರ್ಗದ ಬಸ್ಸು ಊರು ಬಿಡುವಷ್ಟರಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದರು: “ಎ-ತ್ತಿ-ನ ಕೊರಳ ಶೃಂಗಾರ, ನಾಲ್ಕು.” ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸೀಟಿನ ಹೆಂಗಸು ಹಿಂದಕ್ಕೆ ತಿರುಗಿ, “ಗೆಜ್ಜೆಸರ ಇರ್ಬೇಕು ನೋಡ್ರಿ,” ಎಂದರು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರು ಅಲ್ಲೇ ನಿಂತ. “ಹುರಿಗೆಜ್ಜೆನೂ ನಾಲ್ಕೇ ಆಗ್ತೈತಲ್ಲಮ್ಮ?”

ಬಸ್ಸು ಎರಡು ಪಕ್ಷವಾಯಿತು. ಅತ್ತೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, “ಎರಡನೇ ಮನೇಲಿ ‘ರಿ’ ಕುಂತೈತೆ. ಕಂಡಕ್ಟ್ರು ಗೆದ್ದ,” ಎಂದು ತೀರ್ಪು ಕೊಟ್ಟರು. ಪೇಪರಿನ ಮೇಲೆ, ಬಸ್ಸಿನ ಕುಲುಕಾಟಕ್ಕೆ ವಾಲುತ್ತ, ದಪ್ಪ ದಪ್ಪ ಅಕ್ಷರಗಳು ಮೂಡಿದವು.

ಮುಂದಿನ ಸೀಟಿನ ಹೆಂಗಸು ನನ್ನನ್ನು ತೋರಿಸಿ, “ಇವರು ಯಾರಮ್ಮ?” ಎಂದು ಅತ್ತೆಯನ್ನು ಕೇಳಿದರು.

“ನನ್ನ ಸೊಸೆ,” ಎಂದರು ಅತ್ತೆ, ಪೇಪರಿನಿಂದ ತಲೆ ಎತ್ತದೆ. “ಕನ್ನಡ ಟೀಚರು. ಕಲ್ಸಾದೂ ಬರ್ತೈತೆ, ಕಲಿಯಾದೂ ಬರ್ತೈತೆ.”

ಹೊಳಲ್ಕೆರೆ ಬಂದಾಗ ಇನ್ನೂ ಒಂದೆರಡು ಪದ ಉಳಿದಿದ್ದವು. ಅತ್ತೆ ಇಳಿಯುವ ಮುನ್ನ ಪೇಪರನ್ನು ಮಡಚಿ ಕಂಡಕ್ಟರನ ಕೈಗಿಟ್ಟು, “ಹೊಸದುರ್ಗ ಮುಟ್ಟಾದ್ರೊಳಗೆ ತುಂಬ್ಸಪ್ಪ, ಖಾಲಿ ಬಿಡ್ಬ್ಯಾಡ,” ಎಂದರು. ಬಸ್ಸು ಹೊರಟಾಗ ಒಳಗಿನಿಂದ ಯಾರೋ ಮುಂದಿನ ಸುಳಿವನ್ನು ಜೋರಾಗಿ ಓದುವುದು ಕೇಳಿಸುತ್ತಿತ್ತು.